ತೇರಿನ ಹಗ್ಗಕ್ಕೆ ಪ್ರಾಂತಭೇದವುಂಟೆ?

ಕರ್ಣಾಟಕದ ಏಕೀಕರಣವು ಕೆಲವು ವಕೀಲರೂ ಪತ್ರಿಕಾಕರ್ತರೂ ಕೂಡಿ ಹೂಡಿದ ಹೂಟವೆಂದೂ, ನೇಗಿಲು ಹಿಡಿದ ಒಕ್ಕಲಿಗನಿಗೆ ಅದರ ಗೊಡವೆಯೇ ಇರಲಿಲ್ಲವೆಂದೂ ಆಡುವವರು ಇಂದಿಗೂ ಇರುವರು. ಅಂಥ ಮಹನೀಯರನ್ನು ನಾವು ವಾದಕ್ಕೆ ಕರೆಯುವುದಿಲ್ಲ. ಚೈತ್ರಮಾಸದಲ್ಲಿ ವಿರೂಪಾಕ್ಷಸ್ವಾಮಿಯ ರಥೋತ್ಸವಕ್ಕೆ ಹಂಪೆಗೆ ಕರೆಯುತ್ತೇವೆ. ಸಾಕ್ಷ್ಯವು ಅಲ್ಲಿರುವುದು.

ಹೇಮಕೂಟದಲ್ಲಿ ತಪೋನಿರತನಾದ ಶಿವನನ್ನು ಪಂಪಾದೇವಿಯು ಒಲಿಸಿ ವರಿಸಿದಳೆಂಬುದು ಸ್ಥಳಪುರಾಣ. ಮಾರ್ಗಶಿರದ ಸುಮಾರಿಗೆ ನಡೆಯುವ ಫಲಪೂಜೆಯೇ ಅವರ ನಿಶ್ಚಿತಾರ್ಥ. ಚೈತ್ರದಲ್ಲಿ ಕಲ್ಯಾಣ, ಬಳಿಕ ತೇರು. 1565ರ ಯುದ್ಧದ ತರುವಾಯ ಮಹಾನಗರವು ಹಾಳಾದರೂ ಈ ಗುಡಿಯ ಪೂಜೆಯು ನಿಲ್ಲಲಿಲ್ಲ. ದೇವಿಯ ಹೆಸರನ್ನೇ ನೋಡಿರಿ: ಪಾಲು ಹಾಲಾದಂತೆ, ಪೂವು ಹೂವಾದಂತೆ, ಪಂಪೆಯು ಹಂಪೆಯಾದಳು. ಈ ಮಾರ್ಪಾಟನ್ನು ಯಾವ ವಕೀಲನು ಮಾಡಿದನು? ಕನ್ನಡಿಗರ ನಾಲಗೆಯೇ ಮಾಡಿತು.

ಇನ್ನು ಆ ತೇರನ್ನು ಎಳೆದವರಾರು? 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕುಂಪಣಿಗೆ ಒಪ್ಪಿಸಿದ ಮೇಲೆ ಹೊಸಪೇಟೆ, ಹಂಪೆ, ಕಂಪ್ಲಿಗಳು ಮದ್ರಾಸಿನ ಪಾಲಾದವು. ಗುಡ್ಡಗಳ ನಡುವಣ ಸಂಡೂರು ಘೋರ್ಪಡೆ ಅರಸರ ಸಂಸ್ಥಾನವಾಗಿ 1949ರವರೆಗೆ ಉಳಿಯಿತು. ಹೊಳೆಯಾಚೆಯ ಆನೆಗೊಂದಿಯು 1948ರವರೆಗೆ ನಿಜಾಮನದು. ಕೂಗಳತೆಯಲ್ಲಿರುವ ಊರುಗಳಿಗೆ ಮೂರು ಸರಕಾರ, ಮೂರು ಕಾಯಿದೆ! ಆದರೂ ಜಾತ್ರೆಗೆ ಬರುವವನು ತಾನು ಯಾವ ದೊರೆಯ ಪ್ರಜೆಯೆಂದು ಯೋಚಿಸಿ ಹರಿಗೋಲು ಹತ್ತಲಿಲ್ಲ, ಬಂಡಿ ಕಟ್ಟಲಿಲ್ಲ. ದೊರೆಗಳು ಬೇರೆಮಾಡಿದ ಜನವನ್ನು ದೇವರು ವರ್ಷಕ್ಕೊಮ್ಮೆ ಒಂದೇ ಹಗ್ಗಕ್ಕೆ ಕೈ ಹಚ್ಚಿಸಿ ಕೂಡಿಸಿದನು.

ವಿಜಯನಗರವು ಅನೇಕ ಭಾಷೆಗಳ ಸಾಮ್ರಾಜ್ಯವಾಗಿತ್ತಲ್ಲವೆ, ಎಂದು ಕೇಳುವರು. ಅಹುದು. ತೆಲುಗು ಬಾಂಧವರಿಗೂ ತಮಿಳರಿಗೂ ಅದರ ಕೀರ್ತಿಯಲ್ಲಿ ಪಾಲುಂಟು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಅರಸರ ಅನೇಕ ತಾಮ್ರಶಾಸನಗಳಲ್ಲಿ ಪಾಠವು ಸಂಸ್ಕೃತ, ಬರೆದ ಲಿಪಿ ನಾಗರಿ. ಕೊನೆಯ ಅಂಕಿತ ಮಾತ್ರ ‘ಶ್ರೀ ವಿರೂಪಾಕ್ಷ’ — ಅದೂ ಕನ್ನಡ ಅಕ್ಷರಗಳಲ್ಲಿ. ದಸ್ತಾವೇಜಿಗೆ ರುಜುವೇ ಪ್ರಾಣವೆಂಬುದನ್ನು ಬಲ್ಲವರು ಇದಕ್ಕೆ ಏನು ಉತ್ತರ ಹೇಳುವರು?

ಆಲೂರು ವೆಂಕಟರಾಯರು 1905ರಲ್ಲಿ ಈ ಹಾಳು ಹಂಪೆಯನ್ನು ಕಂಡು ಕರ್ಣಾಟಕತ್ವದ ದೀಕ್ಷೆಯನ್ನು ತೊಟ್ಟರು. ಅವರು ಇಲ್ಲದುದನ್ನು ಕಲ್ಪಿಸಲಿಲ್ಲ, ಇದ್ದುದನ್ನು ಕಂಡರು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರನ್ನು ಸೇರಿದುದೂ, 1956ರ ನವೆಂಬರ್ 1ರಂದು ನಾಡು ಒಂದಾದುದೂ ಜಾತ್ರೆಯ ಜನರು ಎಂದೋ ಕೊಟ್ಟ ತೀರ್ಪಿನ ಜಾರಿಯೇ ಹೊರತು ಹೊಸ ತೀರ್ಪಲ್ಲ.

ಆದರೆ ಜಾರಿಯು ಪೂರ್ಣವಾಯಿತೆ? ಆದವಾನಿ, ಆಲೂರು, ರಾಯದುರ್ಗಗಳು 1953ರಲ್ಲಿ ಆಂಧ್ರಕ್ಕೆ ಹೋದವು. ಗೆರೆಯನ್ನು ಅಳಿಸಿರೆಂದು ಇಂದು ಕೂಗುವುದಕ್ಕಿಂತ, ಅಲ್ಲಿಯ ಕನ್ನಡದ ಮಕ್ಕಳಿಗೆ ಕನ್ನಡ ಶಾಲೆಯೂ ಪುಸ್ತಕವೂ ದೊರೆಯುವಂತೆ ದುಡಿಯುವುದು ನಮ್ಮ ಧರ್ಮ.

ಅದಕ್ಕಿಂತಲೂ ಕಟುವಾದ ಪ್ರಶ್ನೆಯೊಂದುಂಟು. ಹಗ್ಗವು ಎಲ್ಲರ ಕೈಗೂ ಸಲ್ಲುತ್ತಿದೆಯೆ? ತಿರುವಾಂಕೂರಿನ 1936ರ ಘೋಷಣೆಯನ್ನು ಲೋಕವೆಲ್ಲ ಕೊಂಡಾಡಿತು. ಅದಕ್ಕೂ ಮುಂಚೆ, 1932ರಲ್ಲಿಯೇ, ಸಂಡೂರಿನ ಅರಸರು ಕುಮಾರಸ್ವಾಮಿಯ ಗುಡಿಯನ್ನು ಹರಿಜನರಿಗೆ ತೆರೆದರು. ಇದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಇಂದಿಗೂ ಯಾವ ಹಳ್ಳಿಯ ತೇರಿನಲ್ಲಿ ಒಬ್ಬನನ್ನು ದೂರ ನಿಲ್ಲೆನ್ನುವರೋ, ಆ ಹಳ್ಳಿಯಲ್ಲಿ ಏಕೀಕರಣವು ಆಗಿಲ್ಲವೆಂದೇ ನಾವು ಸಾರುತ್ತೇವೆ. ನೆಲವನ್ನು ಕೂಡಿಸಿ ಜನವನ್ನು ಒಡೆದಿಟ್ಟರೆ ಆ ಐಕ್ಯಕ್ಕೆ ಬೆಲೆಯೇನು?

ಉಪಾಧ್ಯಾಯರೇ, ನಿಮ್ಮ ವಿದ್ಯಾರ್ಥಿಗಳಿಗೆ ಹಂಪೆಯ ಕಲ್ಲುಗಳನ್ನಷ್ಟೇ ತೋರಿಸಿ ಹಿಂದಿರುಗಬೇಡಿರಿ. ತೇರಿನ ದಿನ ಕರೆತನ್ನಿರಿ. ಎಲ್ಲ ಜಾತಿಯ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ, ಒಂದೇ ಹಗ್ಗಕ್ಕೆ ಕೈ ಹಚ್ಚಿಸಿರಿ. ತೇರು ಅಲುಗಿದಾಗ ಕರ್ಣಾಟಕವೆಂದರೇನೆಂಬುದು ಅವರಿಗೆ ತಾನಾಗಿ ತಿಳಿಯುವುದು.