ಹೆಸರು ಕಂಪನಿಯದು, ಜೀವ ನಮ್ಮದು

ಗುಳಿಗೆ ಅದಲುಬದಲಾಗಿ ಯಾರಾದರೂ ಸತ್ತರೆ ತಪ್ಪು ಯಾರದೆಂದು ಹುಡುಕುವ ಕೆಲಸ ನಮ್ಮಲ್ಲಿ ಬಹಳ ಬೇಗ ಮುಗಿಯುತ್ತದೆ. ಮುದುಕಿಗೆ ಓದು ಬರುತ್ತಿರಲಿಲ್ಲ. ಅಂಗಡಿಯ ಹುಡುಗ ಹೊಸಬ. ಡಾಕ್ಟರ ಅಕ್ಷರ ತಿಳಿಯಲಿಲ್ಲ. ಅಲ್ಲಿಗೆ ಕಥೆ ಮುಗಿಯಿತು. ಎರಡು ಬೇರೆ ರೋಗದ ಔಷಧಿಗಳಿಗೆ ಒಂದೇ ಥರದ ಹೆಸರಿಟ್ಟು ಮಾರುಕಟ್ಟೆಗೆ ಬಿಟ್ಟವನನ್ನು, ಅದಕ್ಕೆ ಲೈಸೆನ್ಸ್ ಕೊಟ್ಟವನನ್ನು ಯಾರೂ ಕರೆದು ಕೇಳುವುದಿಲ್ಲ.

ಯಾದಗಿರಿ ಜಿಲ್ಲೆಯ ಸೈದಾಪುರದ ಯಾವುದೇ ಮೆಡಿಕಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಹತ್ತಿ ಬಿಡಿಸಿ ಬಂದ ಹೆಣ್ಣುಮಗಳು ಸೆರಗಿನ ಗಂಟು ಬಿಚ್ಚಿ ಖಾಲಿ ಪಟ್ಟಿಯ ತುಂಡೊಂದನ್ನು ಮುಂದಿಡುತ್ತಾಳೆ. ಅವಳ ಪಾಲಿಗೆ ಅದೇ ಚೀಟಿ. ಕಳೆದ ಸಲ ಕತ್ತರಿಯಿಂದ ನಾಲ್ಕೇ ಗುಳಿಗೆ ಕತ್ತರಿಸಿ ಕೊಟ್ಟಿದ್ದರು. ಹೆಸರಿನ ಅರ್ಧ ಇನ್ನೊಬ್ಬರ ಮನೆಗೆ ಹೋಗಿದೆ. ಉಳಿದ ನಾಲ್ಕು ಇಂಗ್ಲಿಷ್ ಅಕ್ಷರ ನೋಡಿ ಹುಡುಗ ಡಬ್ಬಿ ತೆಗೆಯುತ್ತಾನೆ. "ಯಪ್ಪಾ, ಇದಲ್ಲಲ್ಲ, ಅದು ಬಿಳೀದಿತ್ತು" ಎಂದರೆ, "ಅದೇ ಅದ ಯವ್ವಾ, ಕಂಪನಿ ಬ್ಯಾರೆ" ಎಂಬ ಉತ್ತರ ಸಿದ್ಧ. ಇರಬಹುದು. ಇರದೆಯೂ ಇರಬಹುದು. ಬಿ.ಪಿ. ಗುಳಿಗೆಯ ಹೆಸರಿನ ಕೊನೆಗೆ 'ಎಚ್' ಬಂದರೆ ಸಾಮಾನ್ಯವಾಗಿ ಮೂತ್ರ ಹೋಗಿಸುವ ಔಷಧಿ ಸೇರಿದೆ ಎಂದರ್ಥ, 'ಎಎಂ' ಬಂದರೆ ಅಮ್ಲೋಡಿಪಿನ್ ಎಂಬ ಇನ್ನೊಂದು ಬಿ.ಪಿ. ಔಷಧಿ. ಅರ್ಧ ಹರಿದ ಪಟ್ಟಿಯಲ್ಲಿ ಆ ಒಂದಕ್ಷರ ಉಳಿದಿರುತ್ತದೆಯೇ?

ಸಕ್ಕರೆ ಕಾಯಿಲೆಯೇ ಇಲ್ಲದವರ ಹೊಟ್ಟೆಗೆ ಆ ಕಾಯಿಲೆಯ ಗ್ಲಿಮಿಪಿರೈಡ್ ಗುಳಿಗೆ ಹೋದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಆಮೇಲೆ ಎಚ್ಚರ ತಪ್ಪುತ್ತದೆ. ಹೊಲದಲ್ಲಿ ಬಿದ್ದರೆ ಬಿಸಿಲಿನ ತಾಪ ಎನ್ನುತ್ತೇವೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ನುಂಗಬೇಕಾದ ಮೆಥೊಟ್ರೆಕ್ಸೇಟ್ ಬೇರೊಂದು ಗುಳಿಗೆಯ ಜಾಗದಲ್ಲಿ ದಿನವೂ ಹೊಟ್ಟೆಗೆ ಹೋದರೆ ರಕ್ತ ಹುಟ್ಟುವ ಮಜ್ಜೆಯೇ ಕೆಡುತ್ತದೆ, ಜೀವವೂ ಹೋಗುತ್ತದೆ. ಮೈ ಹೀಗೆ ಹಾಳಾದದ್ದು ಎಷ್ಟೋ ಸಲ ಹಣೆಬರಹದ ಲೆಕ್ಕಕ್ಕೆ ಜಮೆಯಾಗುತ್ತದೆ.

ಒಂದೇ ಥರದ ಹೆಸರುಗಳ ಈ ಅಪಾಯವನ್ನು ಸರ್ಕಾರಕ್ಕೆ ಯಾರೂ ಹೇಳಿರಲಿಲ್ಲವೇ? ಸುಪ್ರೀಂ ಕೋರ್ಟೇ ಹೇಳಿತ್ತು. ಕ್ಯಾಡಿಲಾ ಎಂಬ ಒಂದೇ ಮನೆ ಒಡೆದು ಎರಡಾದ ಕಂಪನಿಗಳು 'ಫಾಲ್ಸಿಗೊ', 'ಫಾಲ್ಸಿಟ್ಯಾಬ್' ಎಂಬ ಹೆಸರುಗಳಿಗಾಗಿ ಬಡಿದಾಡಿದವು. ಎರಡೂ ಮಲೇರಿಯಾ ಔಷಧಿಗಳೇ, ಆದರೆ ಒಳಗಿನ ಮದ್ದು ಬೇರೆ ಬೇರೆ. ಇವನ್ನು ಕೊಡುವವರು ತಿಳಿದವರು, ತಪ್ಪಾಗದು ಎಂಬ ವಾದವನ್ನು 2001ರ ಮಾರ್ಚ್ 26ರ ತೀರ್ಪು ಒಪ್ಪಲಿಲ್ಲ. ವೈದ್ಯರೂ ಔಷಧಿ ಅಂಗಡಿಯವರೂ ತಪ್ಪುತ್ತಾರೆ. ಹಲವು ಭಾಷೆಯ, ಹಳ್ಳಿಗಳ ಈ ದೇಶದಲ್ಲಿ ಔಷಧಿಯ ಹೆಸರನ್ನು ಇನ್ನಷ್ಟು ಕಟ್ಟುನಿಟ್ಟಾಗಿ ತೂಗಬೇಕು ಎಂದಿತು. ಅನುಮತಿ ಕೊಡುವ ಮುನ್ನ ಟ್ರೇಡ್‌ಮಾರ್ಕ್ ಕಚೇರಿಯಲ್ಲಿ ಹುಡುಕಿಸಿದ ವರದಿ ಕೇಳಿ ಎಂದೂ ಸೂಚಿಸಿತು.

ಆಮೇಲೆ ಸರ್ಕಾರಕ್ಕೆ ಹದಿನೆಂಟು ವರ್ಷ ನಿದ್ದೆ. 2019ರ ನವೆಂಬರಿನಲ್ಲಿ ಎದ್ದು ಮಾಡಿದ್ದೇನು? ಫಾರಂ 51 ಎಂಬ ಮುಚ್ಚಳಿಕೆ. ಇಂಥ ಹೆಸರು ಬೇರೆಲ್ಲೂ ಇಲ್ಲ, ಗೊಂದಲವಾಗದು ಎಂದು ಕಂಪನಿಯೇ ಹುಡುಕಿ, ಕಂಪನಿಯೇ ಬರೆದುಕೊಡಬೇಕಂತೆ! ಒಂದು ಎಕರೆ ಹೊಲದ ಪಹಣಿ ತಿದ್ದಿಸಲು ನಮ್ಮನ್ನು ತಿಂಗಳುಗಟ್ಟಲೆ ಅಲೆಸುವ ಸರ್ಕಾರ, ಜೀವದ ವಿಷಯದಲ್ಲಿ ಕಂಪನಿಯ ಮಾತನ್ನೇ ದಾಖಲೆ ಎಂದು ಒಪ್ಪಿಕೊಳ್ಳುತ್ತದೆ. ಲೈಸೆನ್ಸ್ ಕೊಡುವವರು ಆಯಾ ರಾಜ್ಯದವರು. ಮಾಲು ಮಾತ್ರ ದೇಶವೆಲ್ಲ ಸುತ್ತುತ್ತದೆ.

ಅಮೆರಿಕದಲ್ಲಿ ಹೊಟ್ಟೆಯ ಆಮ್ಲಕ್ಕೆ ಕೊಡುವ 'ಲೋಸೆಕ್' ಮೂತ್ರ ಹೋಗಿಸುವ 'ಲ್ಯಾಸಿಕ್ಸ್' ಜೊತೆ ಗೊಂದಲವಾಯಿತೆಂದು 1990ರಲ್ಲಿ ಹೆಸರನ್ನೇ 'ಪ್ರೈಲೋಸೆಕ್' ಎಂದು ಬದಲಿಸಿದರು. ನಮ್ಮಲ್ಲಿ ಬದಲಾಗುವುದು ಸುತ್ತೋಲೆ ಮಾತ್ರ. ವೈದ್ಯರು ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ಹೇಳಿತು. ಅದನ್ನು ಬಿಗಿಗೊಳಿಸಿದ 2023ರ ನಿಯಮ ಬಂದ ತಿಂಗಳಲ್ಲೇ ತಡೆಹಿಡಿಯಲ್ಪಟ್ಟಿತು. 2018ರಿಂದ ಮೂಲ ಹೆಸರನ್ನು ಬ್ರ್ಯಾಂಡ್ ಹೆಸರಿಗಿಂತ ದೊಡ್ಡದಾಗಿ ಅಚ್ಚು ಹಾಕಬೇಕೆಂಬ ನಿಯಮವಿದೆ. ಹೊಳೆಯುವ ಹಾಳೆಯ ಮೇಲೆ, ಇಂಗ್ಲಿಷಿನಲ್ಲಿ! ಕನ್ನಡ ಮಾತ್ರ ಬಲ್ಲವರಿಗೆ ಅದರಿಂದ ಏನು ಬಂತು?

ಇದೇ ಸೈದಾಪುರ ಭಾಗದ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ರೈತರ ಮೂರು ಸಾವಿರ ಎಕರೆಗೂ ಹೆಚ್ಚು ಜಮೀನು ಹೋಗಿದೆ. ಅಲ್ಲಿ ಔಷಧಿ, ರಾಸಾಯನಿಕ ಕಾರ್ಖಾನೆಗಳು ಬಂದವು. ಗಬ್ಬುವಾಸನೆ ತಡೆಯದೆ ಜನ ಬೀದಿಗಿಳಿದು ಕೂಗಿದ್ದಾರೆ. ಹೊಲ ಕೊಟ್ಟು, ಹೊಗೆ ಕುಡಿದವರಿಗೆ ಓದಬಲ್ಲ ಒಂದು ಹೆಸರನ್ನೂ ಕೊಡಲಾರದಷ್ಟು ಬಡವೇ ಈ ಉದ್ಯಮ?

ಹೆಸರನ್ನು ಸರ್ಕಾರವೇ ಪರಿಶೀಲಿಸಲಿ. ಗೊಂದಲ ಹುಟ್ಟಿಸುವ ಹೆಸರು ಸಿಕ್ಕಿದರೆ ಮಾಲು ವಾಪಸು ತರಿಸಲಿ. ಪ್ರತಿ ಗುಳಿಗೆಯ ಬೆನ್ನಿಗೂ ಹೆಸರು ಇರಲಿ, ಕನ್ನಡ ನಾಡಿನಲ್ಲಿ ಮಾರುವ ಪಟ್ಟಿಯಲ್ಲಿ ಕನ್ನಡ ಇರಲಿ. ಇದೇನು ಚಂದ್ರಲೋಕದ ಬೇಡಿಕೆಯಲ್ಲ.

ಅಲ್ಲಿಯವರೆಗೆ ನೀವು ಇಷ್ಟಾದರೂ ಮಾಡಿ: ಹೆಸರು ಕತ್ತರಿಸಿದ ತುಂಡು ತೆಗೆದುಕೊಳ್ಳಬೇಡಿ, ಬಿಲ್ ಕೇಳಿ, ಯಾವ ಗುಳಿಗೆ ಯಾವ ರೋಗಕ್ಕೆಂದು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಅದಲುಬದಲಾದದ್ದು ಗೊತ್ತಾದರೆ ಮೊದಲು ದವಾಖಾನೆಗೆ ಓಡಿ. ಪಟ್ಟಿಯನ್ನು ಎಸೆಯಬೇಡಿ, ಅದೇ ಸಾಕ್ಷಿ. ಔಷಧಿಯಿಂದಾದ ಹಾನಿಯನ್ನು ವರದಿ ಮಾಡಲು 1800-180-3024 ಎಂಬ ಉಚಿತ ಸಹಾಯವಾಣಿಯಿದೆ. ಫೋನ್ ಮಾಡಿ.