ಒಲೆ ಮಾಡಿಕೊಟ್ಟ ಇಂಜಿನಿಯರುಗಳು

"ಈ ದೇಶಕ್ಕೊಬ್ಬ ಹಿಟ್ಲರ್ ಬೇಕು ಕಣ್ರೀ" ಅನ್ನೋ ಮಾತನ್ನ ಊರಿನ ಅರಳಿಕಟ್ಟೆಯಲ್ಲೂ ಕೇಳಿದ್ದೇನೆ, ಆಫೀಸ್ ಕ್ಯಾಂಟೀನಿನಲ್ಲೂ ಕೇಳಿದ್ದೇನೆ. 60 ಲಕ್ಷ ಯಹೂದಿಗಳನ್ನ ಕೊಂದರಲ್ಲ ಅಂದ್ರೆ, "ಅವನೊಬ್ಬ ಹುಚ್ಚ ಬಿಡಿ" ಅಂತಾರೆ. ನನಗೆ ಹೆಚ್ಚು ಸಿಟ್ಟು ಬರೋದು ಈ ಎರಡನೇ ಮಾತಿಗೆ.

ಒಬ್ಬ ಹುಚ್ಚನಿಂದ ಆಗುವ ಕೆಲಸವೇ ಅದು? 1942ರ ಜನವರಿ 20ರಂದು ಬರ್ಲಿನ್ನಿನ ವಾನ್‌ಸೇಯಲ್ಲಿ ಕೂತು, ಆ ಕೊಲೆಗೆ ಇಲಾಖೆಗಳೆಲ್ಲ ಹೇಗೆ ಕೈಜೋಡಿಸಬೇಕು ಅಂತ ಮಾತಾಡಿದ 15 ಜನರಲ್ಲಿ 8 ಮಂದಿ ಡಾಕ್ಟರೇಟ್ ಪಡೆದವರು. ಮೀಟಿಂಗ್ ನಡೆದದ್ದು ಸುಮಾರು ಒಂದೂವರೆ ಗಂಟೆ. (ನಮ್ಮ ಪ್ಲಾನಿಂಗ್ ಮೀಟಿಂಗುಗಳೇ ಅದಕ್ಕಿಂತ ಉದ್ದ.)

ಆಶ್ವಿಟ್ಜ್‌ಗೆ ಹೆಣ ಸುಡುವ ಒಲೆ ಮಾಡಿಕೊಟ್ಟದ್ದು ಎರ್‌ಫುರ್ಟ್ ಊರಿನ ಟಾಪ್ಫ್ ಅಂಡ್ ಸನ್ಸ್ ಎಂಬ ಖಾಸಗಿ ಕಂಪನಿ. ಅಲ್ಲಿನ ಇಂಜಿನಿಯರ್ ಫ್ರಿಟ್ಜ್ ಸ್ಯಾಂಡರ್, ಅದೇ 1942ರಲ್ಲಿ, ರಾಶಿ ಹೆಣಗಳನ್ನು ನಿಲ್ಲದೆ ಸುಡುವ ಒಲೆಗೆ ಪೇಟೆಂಟ್ ಅರ್ಜಿ ಬರೆದ. ಇದಕ್ಕೆ ಹುಚ್ಚು ಅಂತಾರಾ? ನಾವು ದಿನಾ ಮಾಡ್ತೀವಲ್ಲ, ಆಪ್ಟಿಮೈಸೇಶನ್, ಅದೇ ಇದು. ಬಿ.ಇ. ನಾಲ್ಕು ವರ್ಷವೂ ನಮಗೆ "ಹೇಗೆ" ಅಂತ ಹೇಳಿಕೊಟ್ಟರೇ ಹೊರತು "ಯಾತಕ್ಕೆ" ಅಂತ ಕೇಳೋ ಪೇಪರ್ ಒಂದೂ ಇರಲಿಲ್ಲ.

ಆ ಕಂಪನಿಯ ಆಫೀಸು 2011ರಿಂದ ಸ್ಮಾರಕ. ಇಂಜಿನಿಯರುಗಳು ಡ್ರಾಯಿಂಗ್ ಹಾಕುತ್ತಿದ್ದ ಕೋಣೆಯ ಕಿಟಕಿಯಿಂದ ನೋಡಿದರೆ ಬೂಖೆನ್‌ವಾಲ್ಡ್ ಕ್ಯಾಂಪ್ ಇದ್ದ ಬೆಟ್ಟ ಕಾಣುತ್ತದೆ. ಆಗಲೂ ಕಾಣುತ್ತಿತ್ತು.