ಬಸ್ರೂರನ್ನು ಬಿಡಿಸಿದವರು ಯಾರು?

ಫೆಬ್ರವರಿ ಬಂತೆಂದರೆ ನನ್ನ ಫೋನಿಗೆ ಒಂದು ಸಂದೇಶ ತಪ್ಪದೆ ಬರುತ್ತದೆ: 1665ರಲ್ಲಿ ಶಿವಾಜಿ ಮಹಾರಾಜರು ನಮ್ಮ ಬಸ್ರೂರನ್ನು ಪೋರ್ಚುಗೀಸರಿಂದ ಬಿಡಿಸಿದರು, ಹೆಮ್ಮೆಯಿಂದ ಹಂಚಿಕೊಳ್ಳಿ. ವಿಕ್ರೋಳಿಯಲ್ಲಿರುವ ನಮ್ಮ ಕುಂದಾಪುರದ ಮಂದಿ ಅದಕ್ಕೊಂದು ಕೈಮುಗಿದ ಚಿತ್ರ ಸೇರಿಸಿ ಮುಂದೆ ದಾಟಿಸುತ್ತಾರೆ. ಇಲ್ಲಿನ ಮರಾಠಿ ನೆರೆಯವರಿಗೂ ನಮಗೂ ನೆಂಟಸ್ತಿಕೆ ಬೆಸೆಯುವ ಕತೆ. ಪ್ರಶ್ನಿಸುವ ಮನಸ್ಸು ಯಾರಿಗೂ ಇಲ್ಲ. ನನಗಿದೆ.

ಪೋರ್ಚುಗೀಸರು ಬಸ್ರೂರಿನಲ್ಲಿ ಕೋಟೆ ಹಿಡಿದು ಕೂತದ್ದು 1560ರ ದಶಕದ ಕೊನೆಗೆ. ಅವರನ್ನು ಎಬ್ಬಿಸಿ ಓಡಿಸಿದವನು ಕೆಳದಿಯ ಶಿವಪ್ಪ ನಾಯಕ, ಅದೂ 1650ರ ದಶಕದಲ್ಲಿ. ಹಾಗಾಗಿ 1665ರಲ್ಲಿ ಮಾಲವಣದಿಂದ ಮರಾಠರ ನೌಕೆಗಳು ಹೊರಟಾಗ ಊರು ಇದ್ದದ್ದು ಕೆಳದಿಯವರ ಕೈಯಲ್ಲಿ. ಬಿಡಿಸುವುದು ಯಾರಿಂದ? ಜದುನಾಥ ಸರ್ಕಾರರ ಶಿವಾಜಿ ಚರಿತ್ರೆಯನ್ನೇ ತೆರೆದು ನೋಡಿ: ಪೇಟೆಯನ್ನು ದೋಚಿ, ಗೋಕರ್ಣದಲ್ಲಿ ತೀರ್ಥಸ್ನಾನ ಮುಗಿಸಿ, ಕಾರವಾರದ ವರ್ತಕರಿಂದ ಹಣ ಎತ್ತಿ ಮರಳಿದರು. ಅಲ್ಲಿನ ಇಂಗ್ಲಿಷರ ಕೋಠಿಯ ಪಾಲಿಗೆ ಬಿದ್ದದ್ದು 112 ಪೌಂಡ್. ಹಿಂದಿನ ವರ್ಷವಷ್ಟೇ ಸೂರತ್ತಿಗೂ ಇದೇ ಗತಿಯಾಗಿತ್ತು. ಆ ಕಾಲದ ರಾಜರು ಯುದ್ಧದ ಖರ್ಚು ಹೊಂದಿಸುತ್ತಿದ್ದ ರೀತಿಯೇ ಅದು. ಹಾಗೆಂದರೆ ಮಹಾರಾಜರ ದೊಡ್ಡತನಕ್ಕೇನೂ ಕುಂದಿಲ್ಲ. ಸುಳ್ಳು ಬಿರುದು ಅವರಿಗೂ ಬೇಕಿರಲಿಲ್ಲ.

ನನ್ನ ಸಿಟ್ಟು ಬೇರೆ ಕಡೆ ಇದೆ. ಬಸ್ರೂರಿನ ಕತೆ ಹೇಳುವಾಗ ನಾವು ಬಂದುಹೋದವರನ್ನಷ್ಟೇ ಲೆಕ್ಕ ಹಾಕುತ್ತೇವೆ. ಇದ್ದವರು ಎಲ್ಲಿ?

ವಾರಾಹಿ ಹೊಳೆಯ ದಡದ ಈ ಪೇಟೆಯನ್ನು ಬಹುಕಾಲ ನಡೆಸಿದವರು ಅಲ್ಲಿನ ಸೆಟ್ಟಿಗಳು. ಶಾಸನಗಳಲ್ಲಿ ಮೂಡುಕೇರಿ, ಪಡುವಕೇರಿ ಎಂದು ಕೇರಿಗಳ ಹೆಸರೇ ಬರುತ್ತದೆ. ಆ ಕೇರಿಗಳ ಸೆಟ್ಟಿಕಾರರು ಒಟ್ಟಾಗಿ ಕೂತು ದಾನ ದತ್ತಿಗಳನ್ನು ತೀರ್ಮಾನಿಸುತ್ತಿದ್ದರು. ವಿಜಯನಗರಕ್ಕೆ ಕಪ್ಪ ಕೊಟ್ಟರೂ ಊರಿನ ವ್ಯವಹಾರ ಇವರದೇ. ಪೋರ್ಚುಗೀಸರು ಇವರನ್ನು 'ಚಾತಿನ್' ಎಂದು ಕರೆದು, ಬೈದು, ಬೆದರಿಸಿ, ಕೊನೆಗೆ ಇವರ ಬಾಗಿಲಿಗೇ ಬರುತ್ತಿದ್ದರು. ಯಾಕೆಂದರೆ ಅಕ್ಕಿ! ಕನ್ನಡ ಕರಾವಳಿಯ ಅಕ್ಕಿ ಇಲ್ಲದೆ ಗೋವೆಯ ಒಲೆ ಉರಿಯುತ್ತಿರಲಿಲ್ಲ. ಹೊರ್ಮುಜ್, ಮಸ್ಕತ್ತುಗಳಿಗೂ ಅಕ್ಕಿ ಇಲ್ಲಿಂದ ಹೋಗುತ್ತಿತ್ತು. ಸಂಜಯ್ ಸುಬ್ರಹ್ಮಣ್ಯಂ 1984ರಲ್ಲಿ ಬಸ್ರೂರಿನ ಅಕ್ಕಿ ವ್ಯಾಪಾರದ ಮೇಲೆಯೇ ದೀರ್ಘ ಪ್ರಬಂಧ ಬರೆದರು. ಅದನ್ನು ಯಾರಾದರೂ ಹೆಮ್ಮೆಯಿಂದ ಹಂಚಿಕೊಂಡದ್ದನ್ನು ನಾನಂತೂ ಕಾಣೆ.

ಕೊಲ್ಲಿಗೆ ದುಡಿಯಲು ಹೋದ ನಮ್ಮ ಹುಡುಗರಿಗೆ, ತಮಗಿಂತ ನಾನ್ನೂರು ವರ್ಷ ಮೊದಲೇ ಊರಿನ ಅಕ್ಕಿ ಮಸ್ಕತ್ತು ಕಂಡಿತ್ತು ಎಂದು ಯಾರು ಹೇಳಿದ್ದಾರೆ? ಆ ಅಕ್ಕಿಯ ಹಿಂದೆ ಬೈಲಿನ ಕೆಸರಿನಲ್ಲಿ ನೇಜಿ ನೆಟ್ಟವರಿದ್ದರು, ಮುಡಿ ಕಟ್ಟಿದವರಿದ್ದರು, ದೋಣಿಗೆ ಹೊತ್ತವರಿದ್ದರು. ಅವರ ಹೆಸರು ಶಾಸನದಲ್ಲೂ ಇಲ್ಲ. ಸೆಟ್ಟಿಗಳನ್ನು ಹೊಗಳುವಾಗ ಇದೂ ನೆನಪಿರಲಿ. ಅವರೇನು ಧರ್ಮಛತ್ರ ಇಟ್ಟವರಲ್ಲ.

ಬಸ್ರೂರಿನ ತುಳುವೇಶ್ವರನನ್ನು ನೋಡಿದ್ದೀರಾ? ಮಾಡಿಲ್ಲ, ಗೋಪುರವಿಲ್ಲ. ಮರದ ಬೇರುಗಳೇ ಗೋಡೆಯಾಗಿ ಲಿಂಗವನ್ನು ಕಾದಿವೆ. ರಜೆಗೆ ಹೋದವರು ಅದರೆದುರು ಸೆಲ್ಫಿ ತೆಗೆದು 'ವಿಸ್ಮಯ' ಎಂದು ಬರೆಯುತ್ತಾರೆ. ಕೇರಿಗಳ ಬಗ್ಗೆ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ಮೊನ್ನೆ ಇಲ್ಲೊಂದು ಮನೆಯಲ್ಲಿ ಊರಕಡೆಯವರು ಸೇರಿದ್ದಾಗ 'ಬಿಡುಗಡೆ'ಯ ನೆನಪಿಗೆ ಸ್ವಾಗತ ಕಮಾನು ಕಟ್ಟಿಸುವ ಮಾತು ಬಂತು, ರಸೀದಿ ಪುಸ್ತಕವೂ ಬಂತು. ನಾನು ದುಡ್ಡು ಕೊಡಲಿಲ್ಲ. "ಇತಿಹಾಸದ ಮೇಲೆ ನಿಮಗೆ ಅಭಿಮಾನವಿಲ್ಲವಾ ಮಾರಾಯ್ರೇ?" ಎಂದು ಹಿರಿಯರೊಬ್ಬರು ಕೇಳಿದರು. ಕೇರಿಗೊಂದು ಫಲಕ, ಶಾಸನಕಲ್ಲುಗಳಿಗೊಂದು ಮಾಡು, ಅವುಗಳ ಪಾಠವನ್ನು ಶಾಲೆಯ ಮಕ್ಕಳು ಓದುವಂತೆ ಅಚ್ಚು ಹಾಕಿಸುವುದು, ಇಷ್ಟಕ್ಕೆ ಬೇರೆ ರಸೀದಿ ಪುಸ್ತಕ ಮಾಡಿಸಿ, ಮೊದಲ ಚೀಟಿ ನನ್ನ ಹೆಸರಿಗೆ ಹರಿಯಿರಿ ಎಂದೆ. ಪುಸ್ತಕ ಇನ್ನೂ ಬಂದಿಲ್ಲ.